ಪೊಟ್ಟಣದೊಳಗಿನ ಚಿತ್ರಗಳು: ಅಮೆರಿಕದ ಹಳೆಯ ಬೇಸ್‌ಬಾಲ್ ಕಾರ್ಡುಗಳ ಚರಿತ್ರೆ

ಯಾವ ವಸ್ತುವು ದೀರ್ಘಕಾಲ ಬಾಳಬೇಕೆಂದು ಅದನ್ನು ತಯಾರಿಸಿದವರೇ ಬಗೆದಿರಲಿಲ್ಲವೋ, ಯಾವುದನ್ನು ಪಡೆದವರು ಪೊಟ್ಟಣದ ಸಿಗರೇಟುಗಳು ಮುಗಿಯುವ ಮೊದಲೇ ಬೀದಿಯ ಹುಡುಗರ ಕೈಗಿತ್ತು ಮರೆತುಬಿಡುತ್ತಿದ್ದರೋ, ಅಂತಹ ಒಂದು ಪುಟ್ಟ ರಟ್ಟಿನ ಚೂರು 2022ನೆಯ ಇಸವಿಯಲ್ಲಿ 72,50,000 ಡಾಲರುಗಳಿಗೆ ಮಾರಾಟವಾಯಿತು. ಅದರ ಮೇಲಿದ್ದುದು ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಹೋನಸ್ ವ್ಯಾಗ್ನರನ ಚಿತ್ರ. ಅದು ಅಚ್ಚಾದುದು 1909ರ ಸುಮಾರಿನಲ್ಲಿ. ಅದನ್ನು ಹೊರತಂದುದು ಒಂದು ತಂಬಾಕಿನ ಕಂಪೆನಿ. ಎರಡನೆಯ ಮಹಾಯುದ್ಧಕ್ಕೆ ಹಿಂದಿನ ಬೇಸ್‌ಬಾಲ್ ಕಾರ್ಡುಗಳನ್ನು ಸಂಗ್ರಹಿಸಲು ಹೊಸದಾಗಿ ತೊಡಗುವವರು ಸಾಮಾನ್ಯವಾಗಿ ಇಂತಹ ಬೆಲೆಗಳ ವಾರ್ತೆಯನ್ನು ಕೇಳಿಯೇ ಈ ಕ್ಷೇತ್ರವನ್ನು ಪ್ರವೇಶಿಸುತ್ತಾರೆ. ಆದರೆ ಬೆಲೆಯು ಈ ಕಥೆಯ ಕೊನೆಯ ಅಧ್ಯಾಯ ಮಾತ್ರ. ಅದಕ್ಕೆ ಮುಂಚಿನ ಅಧ್ಯಾಯಗಳನ್ನು ಓದದೆ ಕೊಳ್ಳಹೊರಟವನು ಕಾರ್ಡನ್ನು ಕೊಂಡರೂ ಅದರ ಅರ್ಥವನ್ನು ಕೊಳ್ಳಲಾರನು.

1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದಾಗ ಸೈನಿಕರ ಪಾಳೆಯಗಳಲ್ಲಿ ಆಡಿ ಬಳಕೆಯಾಗಿದ್ದ ಬೇಸ್‌ಬಾಲ್ ಊರೂರಿಗೂ ಹಬ್ಬಿತು. 1869ರಲ್ಲಿ ಸಿನ್ಸಿನಾಟಿಯ ರೆಡ್ ಸ್ಟಾಕಿಂಗ್ಸ್ ತಂಡವು ತನ್ನ ಆಟಗಾರರೆಲ್ಲರಿಗೂ ಬಹಿರಂಗವಾಗಿ ಸಂಬಳ ಕೊಡುವ ಪದ್ಧತಿಯನ್ನು ಆರಂಭಿಸಿದ ಮೇಲೆ ಆಟವು ವೃತ್ತಿಯೂ ಆಯಿತು, ವೃತ್ತಿಯನ್ನು ಹಿಂಬಾಲಿಸಿ ವ್ಯಾಪಾರವೂ ಬಂದಿತು. ಆಟದ ಸಾಮಾನುಗಳನ್ನು ಮಾರುತ್ತಿದ್ದ ನ್ಯೂಯಾರ್ಕಿನ ಪೆಕ್ ಅಂಡ್ ಸ್ನೈಡರ್ ಅಂಗಡಿಯವರು ಆ ತಂಡದ ಛಾಯಾಚಿತ್ರವನ್ನು ಒಂದು ಮಗ್ಗುಲಲ್ಲಿಯೂ ತಮ್ಮ ಜಾಹೀರಾತನ್ನು ಮತ್ತೊಂದು ಮಗ್ಗುಲಲ್ಲಿಯೂ ಇರಿಸಿ ಕಾರ್ಡುಗಳನ್ನು ಹಂಚಿದರು. ಮೊದಲನೆಯ ಬೇಸ್‌ಬಾಲ್ ಕಾರ್ಡು ಇದೇ ಎಂಬುದು ಅನೇಕರ ಮತ. ಇದಕ್ಕೂ ಹಿಂದಿನ ತಂಡಗಳ ಛಾಯಾಚಿತ್ರಗಳಿಗೆ ಆ ಪ್ರಾಶಸ್ತ್ಯ ಸಲ್ಲಬೇಕೆಂಬುದು ಇನ್ನು ಕೆಲವರ ವಾದ. ಆದಿಯ ಪ್ರಶ್ನೆ ಹೇಗೇ ಇರಲಿ, ಆಟಗಾರನ ಮುಖವು ಸರಕನ್ನು ಮಾರಬಲ್ಲುದೆಂಬ ಅರಿವು ಆ ದಶಕದಲ್ಲಿ ಮೂಡಿದುದು ನಿಸ್ಸಂದೇಹ.

ಆ ಅರಿವನ್ನು ಪೂರ್ಣವಾಗಿ ಬಳಸಿಕೊಂಡವರು ತಂಬಾಕಿನ ವ್ಯಾಪಾರಿಗಳು. ಅಂದಿನ ಸಿಗರೇಟುಗಳು ತೆಳುವಾದ ಕಾಗದದ ಪೊಟ್ಟಣಗಳಲ್ಲಿ ಬರುತ್ತಿದ್ದುವಾಗಿ, ಅವು ಜೇಬಿನಲ್ಲಿ ಮುರಿಯದಂತೆ ಒಳಗೊಂದು ರಟ್ಟಿನ ತುಂಡನ್ನು ಇಡುವುದು ಅಗತ್ಯವಾಗಿತ್ತು. ಆ ಬರಿಯ ರಟ್ಟಿನ ಮೇಲೆ ಒಂದು ಚಿತ್ರವನ್ನು ಅಚ್ಚೊತ್ತಿದರೆ ಕೊಳ್ಳುವವನು ಮುಂದಿನ ಚಿತ್ರಕ್ಕಾಗಿ ಅದೇ ಗುರುತಿನ ಪೊಟ್ಟಣವನ್ನೇ ಮತ್ತೆ ಕೇಳುವನೆಂಬುದು ವ್ಯಾಪಾರಿಗಳ ಎಣಿಕೆ. ವರ್ಜೀನಿಯದ ರಿಚ್ಮಂಡ್ ನಗರದ ಆಲನ್ ಅಂಡ್ ಜಿಂಟರ್ ಕಂಪೆನಿಯು 1887ರಲ್ಲಿ ಜಗದ್ವಿಜೇತರೆಂಬ ಹೆಸರಿನಿಂದ 50 ಚಿತ್ರಗಳ ಸುಂದರವಾದ ವರ್ಣಮಾಲಿಕೆಯನ್ನು ಹೊರತಂದಿತು. ಮುಷ್ಟಿಕಾಳಗದವರು, ಕುಸ್ತಿಪಟುಗಳು, ಹುಟ್ಟುಹಾಕುವ ವೀರರು, ಗುರಿಕಾರರು ಇವರೊಡನೆ 10 ಮಂದಿ ಬೇಸ್‌ಬಾಲ್ ಆಟಗಾರರೂ ಅದರಲ್ಲಿ ಸ್ಥಾನ ಪಡೆದರು.

ಅದೇ ಕಾಲದಲ್ಲಿ ನ್ಯೂಯಾರ್ಕಿನ ಗುಡ್ವಿನ್ ಕಂಪೆನಿಯು ತನ್ನ ಓಲ್ಡ್ ಜಡ್ಜ್ ಸಿಗರೇಟುಗಳೊಡನೆ ಕೊಡುತ್ತಿದ್ದ ಕಾರ್ಡುಗಳು ಬೇರೆ ಬಗೆಯವು. ಅವು ಬಣ್ಣದ ಅಚ್ಚಲ್ಲ, ರಟ್ಟಿಗೆ ಅಂಟಿಸಿದ ನಿಜವಾದ ಛಾಯಾಚಿತ್ರಗಳು. 1886ರಿಂದ 1890ರವರೆಗೆ 500ಕ್ಕೂ ಹೆಚ್ಚು ಆಟಗಾರರನ್ನು ನಾನಾ ಭಂಗಿಗಳಲ್ಲಿ ಹಿಡಿದ ಈ ಮಾಲಿಕೆಯ ಒಂದು ಕಾರ್ಡನ್ನು ಕೈಗೆತ್ತಿಕೊಂಡು ನೋಡಿದರೆ ಆ ಯುಗದ ಛಾಯಾಗ್ರಹಣವೆಲ್ಲ ಕಣ್ಣಿಗೆ ಕಟ್ಟುತ್ತದೆ. ಓಡುವ ಚೆಂಡನ್ನು ಹಿಡಿಯುವ ಶಕ್ತಿ ಆ ಕ್ಯಾಮೆರಾಗಳಿಗೆ ಇರಲಿಲ್ಲವಾದುದರಿಂದ ಆಟಗಾರನನ್ನು ಬಣ್ಣದ ಪರದೆಯ ಮುಂದೆ ನಿಲ್ಲಿಸಿ, ಚೆಂಡನ್ನು ಮೇಲಿನಿಂದ ದಾರದಲ್ಲಿ ಇಳಿಬಿಟ್ಟು, ಅದನ್ನು ಹಿಡಿಯುವವನಂತೆ ಅವನು ಕೈ ಚಾಚಿ ಅಲುಗಾಡದೆ ನಿಂತಿರುವಾಗ ಚಿತ್ರ ತೆಗೆಯುತ್ತಿದ್ದರು. ಕೆಲವು ಕಾರ್ಡುಗಳಲ್ಲಿ ಆ ದಾರವು ಇಂದಿಗೂ ಸ್ಪಷ್ಟವಾಗಿ ಕಾಣುತ್ತದೆ.

ಈ ಮೊದಲ ವಸಂತವು ಬೇಗನೆ ಮುಗಿಯಿತು. ಜೇಮ್ಸ್ ಬಾನ್ಸ್ಯಾಕ್ ಎಂಬ ತರುಣನು ಕಂಡುಹಿಡಿದ ಯಂತ್ರವು ದಿನಕ್ಕೆ ಸುಮಾರು 1,20,000 ಸಿಗರೇಟುಗಳನ್ನು ಸುತ್ತಬಲ್ಲುದಾಗಿತ್ತು. ಅದನ್ನು ನೆಚ್ಚಿ ಬಳಸಿದ ಉತ್ತರ ಕೆರೊಲಿನದ ಜೇಮ್ಸ್ ಬುಕನನ್ ಡ್ಯೂಕನು ಸ್ಪರ್ಧಿಗಳನ್ನು ಬೆಲೆಯಿಂದಲೂ ಜಾಹೀರಾತಿನಿಂದಲೂ ಹಣಿದು, 1890ರಲ್ಲಿ ಆಲನ್ ಅಂಡ್ ಜಿಂಟರ್, ಗುಡ್ವಿನ್ ಮೊದಲಾದ ಐದು ಪ್ರಮುಖ ಸಂಸ್ಥೆಗಳನ್ನು ಒಂದುಗೂಡಿಸಿ ಅಮೆರಿಕನ್ ಟೊಬ್ಯಾಕೊ ಕಂಪೆನಿಯನ್ನು ಸ್ಥಾಪಿಸಿದನು. ಪೈಪೋಟಿ ಇದ್ದಾಗ ಗಿರಾಕಿಯನ್ನು ಒಲಿಸಿಕೊಳ್ಳಲು ಚಿತ್ರ ಬೇಕಾಗಿತ್ತು. ಪೈಪೋಟಿಯೇ ಇಲ್ಲವಾದ ಮೇಲೆ ಚಿತ್ರದ ಖರ್ಚು ವ್ಯರ್ಥವೆನಿಸಿತು. ಹೀಗೆ ಏಕಸ್ವಾಮ್ಯದ ಉದಯದೊಡನೆ ಕಾರ್ಡುಗಳು ಬಹುಮಟ್ಟಿಗೆ ಅಸ್ತಂಗತವಾದುವು. 1890ರ ದಶಕದ ಮಹಾ ಆಟಗಾರರ ಕಾರ್ಡುಗಳು ಇಂದು ಅಪರೂಪವಾಗಿರುವುದಕ್ಕೆ ಇದೇ ಕಾರಣ.

ಏಕಸ್ವಾಮ್ಯದ ಕೈ ದೇಶದ ಗಡಿಯನ್ನೂ ದಾಟಿತು. 1901ರಲ್ಲಿ ಡ್ಯೂಕನು ಇಂಗ್ಲೆಂಡಿನ ಮಾರುಕಟ್ಟೆಗೆ ನುಗ್ಗಿದಾಗ ಅಲ್ಲಿಯ ತಯಾರಕರು ಇಂಪೀರಿಯಲ್ ಟೊಬ್ಯಾಕೊ ಎಂಬ ಹೆಸರಿನಲ್ಲಿ ಒಟ್ಟುಗೂಡಿ ಎದುರಿಸಿದರು. ಮರುವರ್ಷ ಉಭಯರೂ ರಾಜಿಯಾಗಿ ಉಳಿದ ಪ್ರಪಂಚದ ವ್ಯಾಪಾರಕ್ಕೆಂದು ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಕಂಪೆನಿಯನ್ನು ಹುಟ್ಟುಹಾಕಿದರು. ಆ ಒಪ್ಪಂದದ ಪರಂಪರೆಯಲ್ಲಿಯೇ 1910ರಲ್ಲಿ ಕಲ್ಕತ್ತೆಯಲ್ಲಿ ಇಂಪೀರಿಯಲ್ ಟೊಬ್ಯಾಕೊ ಕಂಪೆನಿ ಆಫ್ ಇಂಡಿಯ ಸ್ಥಾಪಿತವಾಯಿತು; ಬೆಂಗಳೂರಿನವರಿಗೆ ಚಿರಪರಿಚಿತವಾದ ಐಟಿಸಿ ಸಂಸ್ಥೆಯ ಮೂಲ ಅದೇ.

ಇತ್ತ ಅಮೆರಿಕದಲ್ಲಿ 1907ರಲ್ಲಿ ಸರ್ಕಾರವು ಡ್ಯೂಕನ ಕೂಟದ ಮೇಲೆ ಮೊಕದ್ದಮೆ ಹೂಡಿತು. ವ್ಯಾಜ್ಯ ನಡೆಯುತ್ತಿದ್ದಾಗಲೇ, 1909ರಲ್ಲಿ, ಕಂಪೆನಿಯು ಮತ್ತೆ ಬೇಸ್‌ಬಾಲ್ ಚಿತ್ರಗಳನ್ನು ಪೊಟ್ಟಣಕ್ಕೆ ಸೇರಿಸತೊಡಗಿತು. ಟರ್ಕಿಯ ತಂಬಾಕಿನ ಸಿಗರೇಟುಗಳು ಜನಪ್ರಿಯವಾಗುತ್ತಿದ್ದುದರಿಂದ ಹಳೆಯ ಗುರುತುಗಳನ್ನು ಉಳಿಸಿಕೊಳ್ಳಲು ಹೀಗೆ ಮಾಡಿತೆಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. 1911ರವರೆಗೆ ಬಂದ ಈ ಮಾಲಿಕೆಯನ್ನೇ ಸಂಗ್ರಾಹಕರು ಇಂದು ಟಿ-206 ಎಂದು ಕರೆಯುವುದು. ಪೀಡ್ಮಂಟ್, ಸ್ವೀಟ್ ಕ್ಯಾಪೊರಲ್, ಪೋಲಾರ್ ಬೇರ್, ಸಾವರಿನ್, ಹಿಂದೂ ಮೊದಲಾದ 16 ಗುರುತುಗಳ ತಂಬಾಕಿನೊಡನೆ ಹಂಚಿಕೆಯಾದ ಇದರಲ್ಲಿ ಸಾಮಾನ್ಯ ಗಣನೆಯಂತೆ 524 ಕಾರ್ಡುಗಳಿವೆ. ಅಗಲ ಒಂದೂವರೆ ಅಂಗುಲಕ್ಕೆ ಕೊಂಚ ಕಡಿಮೆ, ಉದ್ದ ಎರಡೂವರೆ ಅಂಗುಲಕ್ಕೆ ಕೊಂಚ ಹೆಚ್ಚು. ಸುತ್ತ ಬಿಳಿಯ ಅಂಚು, ನಡುವೆ ಬಗೆಬಗೆಯ ಬಣ್ಣಗಳನ್ನು ಒಂದರ ಮೇಲೊಂದಾಗಿ ಒತ್ತಿದ ಕಲ್ಲಚ್ಚಿನ ಚಿತ್ರ, ಕೆಳಗೆ ಕಂದು ಮಸಿಯಲ್ಲಿ ಆಟಗಾರನ ಹೆಸರು ಮತ್ತು ಊರು, ಹಿಂಬದಿಯಲ್ಲಿ ಸಿಗರೇಟಿನ ಜಾಹೀರಾತು. ಅಷ್ಟು ಚಿಕ್ಕ ಅಂಗಳದಲ್ಲಿ ಸಂಜೆಯ ಕೆಂಬಣ್ಣದ ಆಕಾಶವನ್ನೂ ಆಟಗಾರನ ಮುಖದ ಗಾಂಭೀರ್ಯವನ್ನೂ ಹಿಡಿದಿಟ್ಟ ಮುದ್ರಣಕಾರರ ಕುಶಲತೆ ನಿಜವಾಗಿಯೂ ಶ್ಲಾಘ್ಯವಾದುದು.

ಈ ಮಾಲಿಕೆಯಲ್ಲಿ ವ್ಯಾಗ್ನರನ ಕಾರ್ಡು ಮಾತ್ರ ಅಚ್ಚಾಗತೊಡಗಿದ ಸ್ವಲ್ಪ ಕಾಲದಲ್ಲಿಯೇ ನಿಂತುಹೋಯಿತು. ಇಂದು ಉಳಿದಿರುವ ಪ್ರತಿಗಳು ಸುಮಾರು 50ರಿಂದ 60. ಏಕೆ ನಿಂತಿತೆಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ತನ್ನ ಚಿತ್ರಕ್ಕಾಗಿ ಮಕ್ಕಳು ತಂಬಾಕನ್ನು ಕೊಳ್ಳಬಾರದೆಂದು ಅವನು ತಡೆದನೆಂಬುದು ಒಂದು. ಕಂಪೆನಿಯು ತಕ್ಕ ಹಣ ಕೊಡಲಿಲ್ಲವೆಂದು ತಡೆದನೆಂಬುದು ಇನ್ನೊಂದು. ಎರಡನೆಯ ಪಕ್ಷದವರು ಅವನು ತಾನೇ ತಂಬಾಕು ಅಗಿಯುತ್ತಿದ್ದುದನ್ನೂ, 1905ರಲ್ಲಿ ಲೂಯಿವಿಲ್ಲಿನ ಬ್ಯಾಟು ತಯಾರಕರಿಗೆ ತನ್ನ ಸಹಿಯನ್ನು ಬಳಸಿಕೊಳ್ಳಲು ಒಪ್ಪಿಗೆ ಕೊಟ್ಟಿದ್ದುದನ್ನೂ ಎತ್ತಿ ತೋರಿಸುತ್ತಾರೆ. ಆದರೆ ಸಮಕಾಲೀನ ಸಾಕ್ಷ್ಯವು ಮೊದಲನೆಯ ಪಕ್ಷಕ್ಕೆ ಅನುಕೂಲವಾಗಿದೆ. ವ್ಯಾಗ್ನರನ ಒಪ್ಪಿಗೆಯನ್ನು ತರುವ ಕೆಲಸವನ್ನು ಪಿಟ್ಸ್‌ಬರ್ಗಿನ ಪತ್ರಕರ್ತ ಜಾನ್ ಗ್ರೂಬರನಿಗೆ ವಹಿಸಲಾಗಿತ್ತೆಂದೂ, ಅದಕ್ಕೆ 10 ಡಾಲರು ಪ್ರತಿಫಲವಿತ್ತೆಂದೂ, ವ್ಯಾಗ್ನರನು ಸಿಗರೇಟಿನೊಡನೆ ತನ್ನ ಚಿತ್ರ ಬರುವುದು ಇಷ್ಟವಿಲ್ಲವೆಂದು ಬರೆದು, ಗೆಳೆಯನಿಗೆ ನಷ್ಟವಾಗದಿರಲೆಂದು 10 ಡಾಲರಿನ ಚೆಕ್ಕನ್ನು ಆ ಪತ್ರದೊಡನೆ ಇಟ್ಟು ಕಳುಹಿಸಿದನೆಂದೂ 1912ರಲ್ಲಿ ಸ್ಪೋರ್ಟಿಂಗ್ ನ್ಯೂಸ್ ಪತ್ರಿಕೆ ಪ್ರಕಟಿಸಿತು. ಹಣಕ್ಕಾಗಿ ಹಟ ಹಿಡಿದವನು ಹಣ ಕಳುಹಿಸುವುದು ಅಸಂಭವ; ಆದುದರಿಂದ ಅವನ ನಿರಾಕರಣೆಯು ಮನಸ್ಸಾಕ್ಷಿಯ ಮಾತೇ ಆಗಿತ್ತೆಂದು ನಂಬುವುದು ಯುಕ್ತವೆಂದು ನನಗೆ ತೋರುತ್ತದೆ.

1911ರ ಮೇ ತಿಂಗಳಲ್ಲಿ ಅಮೆರಿಕದ ಪರಮೋಚ್ಚ ನ್ಯಾಯಾಲಯವು ತಂಬಾಕಿನ ಕೂಟವನ್ನು ಒಡೆಯಬೇಕೆಂದು ತೀರ್ಪಿತ್ತಿತು. ಚಿತ್ರಗಳ ಭಾರವನ್ನು ಮೆಲ್ಲಮೆಲ್ಲನೆ ಮಿಠಾಯಿಯವರು ಹೊತ್ತರು; ಕಾರ್ಡು ದೊಡ್ಡವರ ಜೇಬಿನಿಂದ ಮಕ್ಕಳ ಕೈಗೆ ನೇರವಾಗಿ ಬಂದಿತು. ಕ್ರ್ಯಾಕರ್ ಜ್ಯಾಕ್ ಎಂಬ ತಿನಿಸಿನ ಪೆಟ್ಟಿಗೆಯಲ್ಲಿ 1914ರಲ್ಲಿ 144 ಕಾರ್ಡುಗಳ ಮಾಲಿಕೆಯೂ ಮರುವರ್ಷ 176ರ ಮಾಲಿಕೆಯೂ ಬಂದುವು. ಮೊದಲನೆಯ ವರ್ಷದವು ತಿನಿಸಿನೊಡನೆಯೇ ಬಂದುದರಿಂದ ಬೆಲ್ಲದ ಪಾಕದ ಕಲೆ ಅಂಟದ ಪ್ರತಿ ದುರ್ಲಭ. ಎರಡನೆಯ ವರ್ಷ ಕೂಪನ್ನುಗಳನ್ನು ಕಳುಹಿಸಿದವರಿಗೆ ಇಡೀ ಮಾಲಿಕೆಯನ್ನು ಅಂಚೆಯಲ್ಲಿ ಕೊಡುವ ಏರ್ಪಾಡಾದುದರಿಂದ ನಿರ್ಮಲವಾದ ಪ್ರತಿಗಳು ಹೆಚ್ಚಾಗಿ ಉಳಿದಿವೆ. ಕಲೆಯೂ ಒಂದು ಸಾಕ್ಷ್ಯವೆಂಬುದನ್ನು ಹೊಸ ಸಂಗ್ರಾಹಕನು ಇಲ್ಲಿಯೇ ಕಲಿಯಬಹುದು.

ಮೊದಲನೆಯ ಮಹಾಯುದ್ಧದ ತರುವಾಯ ಕೆಲವು ಕಾಲ ಮಂಕಾಗಿದ್ದ ಈ ಉದ್ಯಮಕ್ಕೆ ಆರ್ಥಿಕ ಮುಗ್ಗಟ್ಟಿನ ನಡುವೆ, 1933ರಲ್ಲಿ, ಬಾಸ್ಟನ್ ನಗರದ ಗೌಡಿ ಗಮ್ ಕಂಪೆನಿಯು ಹೊಸ ಜೀವ ತಂದಿತು. ಒಂದು ಸೆಂಟಿಗೆ ಒಂದು ತುಂಡು ಅಗಿಯುವ ಗಮ್ಮೂ ಒಂದು ದಪ್ಪ ರಟ್ಟಿನ ವರ್ಣಚಿತ್ರವೂ ದೊರೆಯುತ್ತಿದ್ದುವು. ಬೇಬ್ ರೂಥನೊಬ್ಬನಿಗೇ ನಾಲ್ಕು ಕಾರ್ಡುಗಳಿದ್ದುವು. ಕಾರ್ಡುಗಳಿಗೆ 240ರವರೆಗೆ ಅಂಕೆಗಳನ್ನು ಕೊಟ್ಟು 106ನೆಯದನ್ನು ಮಾತ್ರ ಅಚ್ಚುಹಾಕದೆ ಬಿಟ್ಟರು. ಆ ಒಂದು ಅಂಕೆಗಾಗಿ ಮಕ್ಕಳು ಸೆಂಟಿನ ಮೇಲೆ ಸೆಂಟು ವ್ಯಯಿಸಿ ಗಮ್ ಕೊಂಡು ಹತಾಶರಾದರು. ಪತ್ರ ಬರೆದು ದೂರಿದವರಿಗೆ ಮರುವರ್ಷ ನ್ಯಾಪ್ ಲಾಜೊಯ್ ಎಂಬ ನಿವೃತ್ತ ಆಟಗಾರನ ಚಿತ್ರವುಳ್ಳ 106ನೆಯ ಕಾರ್ಡನ್ನು ಅಂಚೆಯಲ್ಲಿ ಕಳುಹಿಸಲಾಯಿತು. ಪತ್ರಕ್ಕೆ ಸಿಕ್ಕಿಸಿದ ಕ್ಲಿಪ್ಪಿನ ಗುರುತು ಹಲವು ಪ್ರತಿಗಳ ಮೇಲೆ ಇಂದಿಗೂ ಉಂಟು. 1939ರಿಂದ 1941ರವರೆಗೆ ಫಿಲಡೆಲ್ಫಿಯದ ಗಮ್ ಇನ್‌ಕಾರ್ಪೊರೇಟೆಡ್ ಸಂಸ್ಥೆಯ ಪ್ಲೇ ಬಾಲ್ ಮಾಲಿಕೆಗಳು ಬಂದುವು. ಆಮೇಲೆ ಅಮೆರಿಕವು ಯುದ್ಧಕ್ಕಿಳಿಯಿತು. ಕಾಗದಕ್ಕೂ ಕೊರತೆ, ಗಮ್ಮಿಗೂ ಕೊರತೆ. ಯುದ್ಧಕಾರ್ಯಕ್ಕೆಂದು ಮನೆಮನೆಯಿಂದ ಹಳೆಯ ಕಾಗದವನ್ನು ಕೂಡಿಹಾಕಿದಾಗ ಅಟ್ಟದ ಪೆಟ್ಟಿಗೆಗಳಲ್ಲಿದ್ದ ಅಸಂಖ್ಯ ಕಾರ್ಡುಗಳು ಅದರೊಡನೆ ಹೋದುವು. ಯುದ್ಧಪೂರ್ವ ಯುಗಕ್ಕೆ ಎಲ್ಲೆಯನ್ನು ಹಾಕಿದುದು ಈ ಯುದ್ಧವೇ.

ಈ ಯುಗದ ಸೌಂದರ್ಯವನ್ನು ಹೊಗಳುವವರು ಅದರ ಅನ್ಯಾಯವನ್ನು ಮರೆಯತಕ್ಕುದಲ್ಲ. 1947ರಲ್ಲಿ ಜ್ಯಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಜರ್ಸ್ ತಂಡದಲ್ಲಿ ಆಡುವವರೆಗೆ ಕರಿಯ ಜನಾಂಗದ ಆಟಗಾರರಿಗೆ ಮುಖ್ಯ ಲೀಗುಗಳ ಬಾಗಿಲು ಮುಚ್ಚಿತ್ತು. ಆದುದರಿಂದ ತಂಬಾಕಿನ ಪೊಟ್ಟಣದಲ್ಲಿಯೂ ಗಮ್ಮಿನ ಪೊಟ್ಟಣದಲ್ಲಿಯೂ ಅವರ ಮುಖ ಕಾಣಲಿಲ್ಲ. 1920ರಲ್ಲಿ ರೂಬ್ ಫಾಸ್ಟರನು ಸ್ಥಾಪಿಸಿದ ನೀಗ್ರೊ ನ್ಯಾಷನಲ್ ಲೀಗಿನ ಪರಂಪರೆಯಲ್ಲಿ ಸ್ಯಾಚೆಲ್ ಪೇಜ್, ಜಾಶ್ ಗಿಬ್ಸನ್ ಅವರಂತಹ ಅಸಾಮಾನ್ಯರು ಬೆಳೆದರೂ ಗೌಡಿ, ಪ್ಲೇ ಬಾಲ್ ಮಾಲಿಕೆಗಳಲ್ಲಿ ಅವರಿಗೆ ಎಡೆಯಿಲ್ಲ. ಅವರ ಚರಿತ್ರೆಯನ್ನು ಹುಡುಕುವವನು ಪಂದ್ಯದ ಭಿತ್ತಿಪತ್ರ, ಟಿಕೆಟ್ಟಿನ ತುಂಡು, ತಂಡದ ಛಾಯಾಚಿತ್ರ, ಅಂದಿನ ವೃತ್ತಪತ್ರಿಕೆ ಇವುಗಳತ್ತ ತಿರುಗಬೇಕು. ಕಾರ್ಡಿನ ಜೊತೆಗೆ ಇತರ ಸ್ಮಾರಕವಸ್ತುಗಳನ್ನೂ ಕೂಡಿಡುವುದಕ್ಕೆ ಇದಕ್ಕಿಂತ ಮಿಗಿಲಾದ ಕಾರಣ ಬೇಕಿಲ್ಲ.

ಇಷ್ಟು ಚದುರಿಹೋಗಿದ್ದ ವಸ್ತುರಾಶಿಗೆ ಒಂದು ಕ್ರಮವನ್ನು ತಂದವನು ಶ್ರೀಮಂತನೂ ಅಲ್ಲ, ಪಂಡಿತನೂ ಅಲ್ಲ. ನ್ಯೂಯಾರ್ಕ್ ರಾಜ್ಯದ ಸೆಂಟ್ರಲ್ ಸ್ಕ್ವೇರ್ ಎಂಬ ಊರಿನಲ್ಲಿ 1900ರಲ್ಲಿ ಹುಟ್ಟಿದ ಜೆಫರ್ಸನ್ ಬರ್ಡಿಕ್ ಸಿರಾಕ್ಯೂಸ್ ನಗರದಲ್ಲಿ ವಿದ್ಯುತ್ ಉಪಕರಣಗಳ ಕಾರ್ಖಾನೆಯೊಂದರ ಕೆಲಸಗಾರ, ಅವಿವಾಹಿತ, ತಾರುಣ್ಯದಿಂದಲೇ ಸಂಧಿವಾತ ಹಿಡಿದು ಬೆರಳುಗಳು ಸೊಟ್ಟಗಾಗುತ್ತಿದ್ದವನು. 1937ರಿಂದ ಅವನು ಸಂಗ್ರಾಹಕರಿಗಾಗಿ ಒಂದು ಪುಟ್ಟ ಪತ್ರಿಕೆಯನ್ನು ನಡೆಸಿದನು; 1939ರಲ್ಲಿ ಅಮೆರಿಕದ ಕಾರ್ಡುಗಳ ಮೊದಲ ದೊಡ್ಡ ಪಟ್ಟಿಯನ್ನು ಪ್ರಕಟಿಸಿದನು. 19ನೆಯ ಶತಮಾನದ ತಂಬಾಕಿನವಕ್ಕೆ ಎನ್, 20ನೆಯ ಶತಮಾನದ ತಂಬಾಕಿನವಕ್ಕೆ ಟಿ, ಹಳೆಯ ಮಿಠಾಯಿಯವಕ್ಕೆ ಇ, ಅನಂತರದ ಗಮ್ಮಿನವಕ್ಕೆ ಆರ್ ಎಂದು ಅವನು ಕೊಟ್ಟ ಅಕ್ಷರಗಳೇ ಇಂದಿಗೂ ಪ್ರಮಾಣ. ಮಿಕ್ಕ ಕಾರ್ಡುಗಳಿಗೆ ಕೆಲವೇ ಸೆಂಟುಗಳ ಬೆಲೆಯಿದ್ದಾಗ ವ್ಯಾಗ್ನರನ ಕಾರ್ಡಿಗೆ 50 ಡಾಲರು ಎಂದು ಬರೆದವನೂ ಅವನೇ.

ಬರ್ಡಿಕನು ತನ್ನ ಸರ್ವಸ್ವವನ್ನೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟನು. ಆಗ ಮುದ್ರಿತ ಚಿತ್ರಗಳ ವಿಭಾಗಕ್ಕೆ ಮುಖ್ಯಸ್ಥನಾಗಿದ್ದ ಹಯಟ್ ಮೇಯರನು ಅದನ್ನು ಅಂಗೀಕರಿಸಿ, ಅದನ್ನು ಕ್ರಮವಾಗಿ ಜೋಡಿಸುವ ಕೆಲಸವನ್ನು ದಾನಿಗೇ ಒಪ್ಪಿಸಿದನು. 3,00,000ಕ್ಕೂ ಮಿಕ್ಕ ಚಿತ್ರಗಳು. ಅವುಗಳಲ್ಲಿ ಬೇಸ್‌ಬಾಲಿನವು ಸುಮಾರು 30,000. ಬಾಗಿದ ಬೆರಳುಗಳಿಂದ, ನೋವನ್ನು ನುಂಗಿಕೊಂಡು, ವರ್ಷಗಟ್ಟಲೆ ಒಂದೊಂದನ್ನೇ ಆಲ್ಬಮ್ಮುಗಳಿಗೆ ಅಂಟಿಸುತ್ತ ಹೋದ ಬರ್ಡಿಕನು 1963ರ ಜನವರಿಯಲ್ಲಿ ಕೊನೆಯ ಹಾಳೆಯನ್ನು ಮುಗಿಸಿದನು. ಸುಮಾರು ಎರಡು ತಿಂಗಳಲ್ಲಿ, ಮಾರ್ಚಿನಲ್ಲಿ, ಮೃತನಾದನು. ಅಂಟು ಹಚ್ಚಿದುದರಿಂದ ಅವುಗಳ ಬೆಲೆ ಕುಂದಿತೆಂದು ಮರುಗುವ ಸಂಗ್ರಾಹಕರಿದ್ದಾರೆ. ಆದರೆ ಅವನು ಅಂಟಿಸಿದುದು ಮಾರಲೆಂದಲ್ಲ, ಮುಂದಿನವರು ನೋಡಲೆಂದು.

ಅವನ ಕಾಲವಾದ ಮೇಲೆ ಮಾರುಕಟ್ಟೆಯ ಗತಿ ಬೇರೆಯಾಯಿತು. ವ್ಯಾಗ್ನರನ ಒಂದು ಪ್ರತಿಯ ಪಯಣವನ್ನು ನೋಡಿದರೆ ಸಾಕು. 1985ರಲ್ಲಿ ಬಿಲ್ ಮ್ಯಾಸ್ಟ್ರೊ ಎಂಬ ವ್ಯಾಪಾರಿ 25,000 ಡಾಲರಿಗೆ ಕೊಂಡ ಆ ಪ್ರತಿ 1987ರಲ್ಲಿ 1,10,000ಕ್ಕೂ, 1991ರಲ್ಲಿ ಐಸ್ ಹಾಕಿಯ ಮಹಾ ಆಟಗಾರ ವೇಯ್ನ್ ಗ್ರೆಟ್ಸ್ಕಿ ಮತ್ತು ಅವನ ಪಾಲುದಾರನಿಗೆ 4,51,000ಕ್ಕೂ, 2007ರಲ್ಲಿ 28,00,000ಕ್ಕೂ ಕೈಬದಲಾಯಿತು. ಈ ನಡುವೆ ಕಾರ್ಡುಗಳ ಸ್ಥಿತಿಯನ್ನು ಪರೀಕ್ಷಿಸಿ 1ರಿಂದ 10ರವರೆಗೆ ಅಂಕ ಕೊಡುವ ಪದ್ಧತಿ ಬಂದಿತ್ತು. ಈ ಪ್ರತಿಗೆ ದೊರೆತುದು 8, ಅದರ ಅಂಚುಗಳು ಅಷ್ಟು ನೇರ. ಆ ನೇರವೇ ಸಂಶಯಕ್ಕೆ ಕಾರಣವಾಗಿ ವರ್ಷಾನುಗಟ್ಟಲೆ ವಿವಾದ ನಡೆಯಿತು. 2013ರಲ್ಲಿ, ಹರಾಜಿನ ವಂಚನೆಯ ಮೊಕದ್ದಮೆಯಲ್ಲಿ ತಪ್ಪೊಪ್ಪಿಕೊಂಡ ಮ್ಯಾಸ್ಟ್ರೊ ಆ ಕಾರ್ಡಿನ ಅಂಚನ್ನು ತಾನೇ ಕತ್ತರಿಸಿದ್ದುದಾಗಿ ಒಪ್ಪಿದನು. ಅನಂತರ ಸೆರೆವಾಸದ ಶಿಕ್ಷೆಗೂ ಗುರಿಯಾದನು. ಬರ್ಡಿಕನ ಅಂಟು ಕಾರ್ಡಿನ ಬೆಲೆಯನ್ನು ಕಳೆದು ಅದರ ಚರಿತ್ರೆಯನ್ನು ಉಳಿಸಿತು. ಮ್ಯಾಸ್ಟ್ರೊನ ಕತ್ತರಿ ಬೆಲೆಯನ್ನು ಕೂಡಿಸಲೆಂದು ಚರಿತ್ರೆಯನ್ನು ಕತ್ತರಿಸಿತು.

ಈಗ ಹೊಸದಾಗಿ ತೊಡಗುವವರಿಗೆ ಈ ಚರಿತ್ರೆ ಹೇಳುವ ಬುದ್ಧಿ ಏನು? ಮೊದಲನೆಯದಾಗಿ, ಎಲ್ಲವನ್ನೂ ಬಯಸದೆ ಒಂದು ಮಾಲಿಕೆಯನ್ನೋ ಒಂದು ತಂಡವನ್ನೋ ಆರಿಸಿಕೊಂಡು ಅದರ ಪಟ್ಟಿಯನ್ನು ಚೆನ್ನಾಗಿ ಓದಬೇಕು. ಟಿ-206ರಲ್ಲಿ ಸಾಮಾನ್ಯ ಆಟಗಾರನೊಬ್ಬನ, ಮೂಲೆ ಸವೆದು ನಡುವೆ ಮಡಿಕೆ ಬಿದ್ದ ಕಾರ್ಡು 100 ಡಾಲರಿನೊಳಗೇ ದೊರೆಯುತ್ತದೆ. ಅದೂ ವ್ಯಾಗ್ನರನ ಕಾರ್ಡಿನಷ್ಟೇ ಹಳೆಯದು, ಅದೇ ಬಗೆಯ ಕಲ್ಲಚ್ಚಿನಿಂದ ಬಂದುದು. ಎರಡನೆಯದಾಗಿ, ನಕಲುಗಳನ್ನು ಗುರುತಿಸಲು ಕಣ್ಣನ್ನು ಪಳಗಿಸಬೇಕು. ಭೂತಗನ್ನಡಿಯ ಕೆಳಗೆ ಅಸಲಿನ ಹೆಸರಿನ ಅಕ್ಷರಗಳಲ್ಲಿ ಮಸಿ ಒಂದೇ ಸಮನೆ ತುಂಬಿರುತ್ತದೆ, ಇತ್ತೀಚಿನ ನಕಲಿನಲ್ಲಿ ಅಕ್ಷರವೇ ಚುಕ್ಕಿಗಳಾಗಿ ಒಡೆದು ಕಾಣುತ್ತದೆ. ಅತಿನೇರಳೆ ದೀಪದ ಬೆಳಕಿನಲ್ಲಿ ಯುದ್ಧಾನಂತರದ ಹೊಳಪುಗಾರಕ ಬೆರೆತ ಕಾಗದ ಬೆಳಗುತ್ತದೆ, ಹಳೆಯ ಕಾಗದ ಮಂಕಾಗಿಯೇ ಇರುತ್ತದೆ. ಅಳತೆ ಕಡಿಮೆಯಿದ್ದು ಅಂಚು ಅತಿ ಹರಿತವಾಗಿದ್ದರೆ ಕತ್ತರಿಯನ್ನು ಶಂಕಿಸಬೇಕು. ಮೂರನೆಯದಾಗಿ, ಕೊಂಡುದನ್ನು ಬಿಸಿಲಿಗೂ ತೇವಕ್ಕೂ ಒಡ್ಡಬಾರದು. ಕಲೆಯನ್ನು ತೊಳೆಯಹೋಗಬಾರದು, ಮೂಲೆಯನ್ನು ತಿದ್ದಹೋಗಬಾರದು.

2012ರಲ್ಲಿ ಒಹಾಯೊ ರಾಜ್ಯದ ಡಿಫಯನ್ಸ್ ಊರಿನ ಮನೆಯೊಂದರ ಅಟ್ಟದಲ್ಲಿ, ಧೂಳು ಮುಚ್ಚಿದ ಪೆಟ್ಟಿಗೆಯೊಳಗೆ, ಹುರಿಯಿಂದ ಕಟ್ಟಿದ ಸುಮಾರು 700 ಕಾರ್ಡುಗಳು ಶತಮಾನದ ಹಿಂದೆ ಇಟ್ಟಂತೆಯೇ ಹೊಸದಾಗಿ ದೊರೆತುವು. ಅಂತಹ ಭಾಗ್ಯ ಎಲ್ಲರಿಗೂ ಒದಗದು. ಆದರೆ ಕೈಗೆ ಬಂದುದು ಎಲ್ಲಿಂದ, ಯಾರಿಂದ, ಎಂದು ಬಂದಿತೆಂಬುದನ್ನು ಬರೆದಿಡುವ ಕರ್ತವ್ಯ ಎಲ್ಲರಿಗೂ ಸಾಧ್ಯವಾದುದು. ಆದುದರಿಂದ ಈ ಸಂಗ್ರಹಕ್ಕೆ ಕೈಯಿಕ್ಕುವ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಮೊದಲ ಕಾರ್ಡನ್ನು ಕೊಳ್ಳುವ ದಿನವೇ ಒಂದು ನೋಟು ಪುಸ್ತಕವನ್ನೂ ಕೊಳ್ಳಿರಿ, ಪ್ರತಿಯೊಂದು ಕಾರ್ಡಿನ ವೃತ್ತಾಂತವನ್ನೂ ಅದರಲ್ಲಿ ಬರೆಯಿರಿ, ಮತ್ತು ಕಾರ್ಡುಗಳನ್ನು ಇನ್ನೊಬ್ಬರಿಗೆ ಒಪ್ಪಿಸುವ ದಿನ ಆ ಪುಸ್ತಕವನ್ನೂ ಜೊತೆಯಲ್ಲಿಯೇ ಒಪ್ಪಿಸಿರಿ.